ಮೈನ್‌ಕ್ರಾಫ್ಟ್‌ನಲ್ಲಿ ಅದಿರು ತೆಗೆಯುವಾಗ ನಾನು ಹಿಡಿಯುವ ಪಿಕಾಸಿಗಳು

ನಾನಿರುವುದು ಬಳ್ಳಾರಿಯಲ್ಲಿ, ಚಿಕ್ಕಪ್ಪನ ಮಗ ಸಂಡೂರಿನಲ್ಲಿ. ರಾತ್ರಿ ಊಟ ಆದಮೇಲೆ ಇಬ್ಬರೂ ಮೈನ್‌ಕ್ರಾಫ್ಟ್ ಅನ್ನುವ ವಿಡಿಯೋ ಗೇಮ್‌ನ ಒಂದೇ ವರ್ಲ್ಡ್‌ನಲ್ಲಿ ಆಡುತ್ತೇವೆ. ಮನೆ ಕಟ್ಟುವುದು ಅವನ ಕೆಲಸ, ಅದಿರು ತರುವುದು ನನ್ನದು.

ಮರದ ಪಿಕಾಸಿ ಮೂರು ಕಲ್ಲು ಸಿಗುವವರೆಗೆ ಸಾಕು. ಕಲ್ಲಿನದು 131 ಬ್ಲಾಕ್ (ಆಟದ ನೆಲ, ಬಂಡೆಗಳ ಘನಾಕಾರದ ತುಂಡು) ಒಡೆಯುತ್ತದೆ, ಕಬ್ಬಿಣದ್ದು 250, ವಜ್ರದ್ದು 1561. ಚಿನ್ನದ್ದು ಎಲ್ಲಕ್ಕಿಂತ ವೇಗ, ಆದರೆ 32 ಬ್ಲಾಕ್‌ಗೆ ಮುರಿಯುತ್ತದೆ. ಅದರಲ್ಲಿ ಕಬ್ಬಿಣದ ಅದಿರು ಒಡೆದರೆ ಕೈಗೆ ಏನೂ ಸಿಗುವುದಿಲ್ಲ. ಹಾಗಾಗಿ ಚಿನ್ನದ ಪಿಕಾಸಿಯನ್ನು ನಾನು ಮಾಡುವುದೇ ಇಲ್ಲ.

ಕಬ್ಬಿಣ ಬೇಕು ಅಂದಾಗ ಎಲ್ಲರೂ ನೆಲ ಅಗೆಯಲು ಹೋಗುತ್ತಾರೆ. ನಮ್ಮ ಹುಡುಗ ಮಾತ್ರ, "ಅಣ್ಣಾ, ಅದಿರು ಅಂದ್ರೆ ಗುಡ್ಡದ ಮೇಲೆ ಅಲ್ವಾ?" ಅಂದ. ಸಂಡೂರಿನಲ್ಲಿ ಹುಟ್ಟಿ ಬೆಳೆದವನಿಗೆ ಹಾಗೇ ತೋಚಬೇಕು. ಆಟದಲ್ಲೂ ಅದು ನಿಜ! 2021ರ 1.18 ಅಪ್‌ಡೇಟ್ ಬಂದ ಮೇಲೆ ಕಬ್ಬಿಣ ಅತಿ ದಟ್ಟವಾಗಿರುವುದು ವೈ 232ರ (ವೈ ಅಂದರೆ ಆಟದಲ್ಲಿ ಎತ್ತರ ತೋರಿಸುವ ಅಂಕಿ) ಸುತ್ತ, ಅಂದರೆ ಎತ್ತರದ ಬೆಟ್ಟಗಳ ನೆತ್ತಿಯಲ್ಲಿ. ಅಲ್ಲಿ ಸುರಂಗ ಬೇಡ, ಬಂಡೆಯ ಮೈಮೇಲೇ ಅದಿರು ಕಾಣುತ್ತದೆ. ಕಲ್ಲಿನ ಪಿಕಾಸಿ ನಾಲ್ಕೈದು ಇಟ್ಟುಕೊಂಡು ಹತ್ತಿದರೆ ಆಯಿತು. ಹತ್ತಿರ ಅಷ್ಟು ಎತ್ತರದ ಬೆಟ್ಟ ಇಲ್ಲದಿದ್ದರೆ ವೈ 16ರ ಆಸುಪಾಸಿನ ಗುಹೆಗಳನ್ನು ಸುತ್ತುತ್ತೇನೆ.

ವಜ್ರದ ಲೆಕ್ಕವೇ ಬೇರೆ. ಹಳೆ ವಿಡಿಯೋಗಳು ಈಗಲೂ ವೈ 11 ಅನ್ನುತ್ತವೆ, ಅದನ್ನು ಮರೆತುಬಿಡಿ. ಈಗ ತಳಕ್ಕೆ ಹೋದಷ್ಟೂ ವಜ್ರ ಜಾಸ್ತಿ. ನಾನು ಮೈನಸ್ 59ರಲ್ಲಿ ಸುರಂಗ ಹೊಡೆಯುತ್ತೇನೆ. ಗುಹೆಯ ಗಾಳಿಗೆ ತೆರೆದುಕೊಂಡ ಜಾಗದಲ್ಲಿ ಆಟವೇ ವಜ್ರ ಕಡಿಮೆ ಇಡುತ್ತದೆ. ಅದಕ್ಕೇ ಇಲ್ಲಿ ಗುಹೆಗಿಂತ ಸುರಂಗ ಮೇಲು.

ಅಷ್ಟು ಕೆಳಗೆ ಇರುವುದೆಲ್ಲ ಡೀಪ್‌ಸ್ಲೇಟ್ ಅನ್ನುವ ಗಟ್ಟಿ ಕಲ್ಲು. ಕಬ್ಬಿಣದ ಪಿಕಾಸಿಗೆ ಒಂದು ಬ್ಲಾಕ್ ಒಡೆಯಲು 0.75 ಸೆಕೆಂಡ್ ಬೇಕು, ವಜ್ರದ್ದಕ್ಕೆ 0.6. ಇಷ್ಟು ಸಣ್ಣ ವ್ಯತ್ಯಾಸಕ್ಕೆ ವಜ್ರದ ಪಿಕಾಸಿಯನ್ನು ಸುಮ್ನೆ ಸವೆಸುವುದು ನನಗೆ ಸರಿ ಕಾಣುವುದಿಲ್ಲ. ಎರಡು ಬ್ಲಾಕ್ ಎತ್ತರದ ಸುರಂಗವಾದರೆ ಮೂರು ಗಟ್ಟಿ ಕಬ್ಬಿಣದಿಂದ ಮಾಡಿದ ಒಂದು ಪಿಕಾಸಿ 125 ಹೆಜ್ಜೆ ಬರುತ್ತದೆ. ಬೆಟ್ಟದಿಂದ ಅಷ್ಟೊಂದು ಕಬ್ಬಿಣ ಇಳಿಸುವುದು ಇದಕ್ಕೇ. ಫಾರ್ಚೂನ್ 3 (ಅದಿರಿನಿಂದ ಹೆಚ್ಚು ಸಿಗುವಂತೆ ಮಾಡುವ ಮಂತ್ರಶಕ್ತಿ) ಇರುವ ವಜ್ರದ ಪಿಕಾಸಿ ಪಕ್ಕದ ಸ್ಲಾಟ್‌ನಲ್ಲಿ ಇರುತ್ತದೆ. ವಜ್ರದ ಅದಿರು ಕಂಡಾಗ ಮಾತ್ರ ಅದು ಕೈಗೆ ಬರುತ್ತದೆ. ಒಂದು ಅದಿರಿಗೆ ಸರಾಸರಿ 2.2 ವಜ್ರ, ಅದೃಷ್ಟ ಇದ್ದರೆ ನಾಲ್ಕು. ಪಿಕಾಸಿಗೆ ಮೆಂಡಿಂಗ್ ಅನ್ನುವ ಇನ್ನೊಂದು ಮಂತ್ರಶಕ್ತಿ ಸಿಕ್ಕಿದ ಮೇಲೆ ಈ ಉಳಿತಾಯ ಬೇಕಾಗುವುದಿಲ್ಲ. ವಜ್ರ, ಕಲ್ಲಿದ್ದಲು ಒಡೆದಾಗ ಬರುವ ಎಕ್ಸ್‌ಪಿಯಿಂದ (ಅನುಭವದ ಅಂಕಗಳಿಂದ) ಅದು ತಾನೇ ರಿಪೇರಿ ಆಗುತ್ತಾ ಹೋಗುತ್ತದೆ.

ಸುರಂಗ ಕೊರೆಯುವಾಗ ಟಫ್ ಅನ್ನುವ ಬೂದು ಕಲ್ಲಿನ ನಡುವೆ ಕಬ್ಬಿಣದ ಅದಿರು ಕಂಡರೆ ದಾರಿ ಬದಲಿಸಿ, ಟಫ್ ಹೋದ ಕಡೆ ಹೋಗಿ. ದೊಡ್ಡ ಕಬ್ಬಿಣದ ಪಟ್ಟೆಗೆ ಅದೇ ಗುರುತು. ಅಲ್ಲಿ ಫಾರ್ಚೂನ್ ಪಿಕಾಸಿಯನ್ನು ಧಾರಾಳವಾಗಿ ಬಳಸಿ, ಕಬ್ಬಿಣಕ್ಕೂ ಅದು ಕೆಲಸ ಮಾಡುತ್ತದೆ.