ಕೊರೆಯುವ ಚಳಿಯಲ್ಲಿ ಎಂಜಿನ್ ಬ್ಲಾಕ್ ಹೀಟರ್ ಬಳಸುವ ಬಗೆ

ಪುಣೆಯಲ್ಲಿ ಚಳಿಗಾಲದ ರಾತ್ರಿ ಉಷ್ಣಾಂಶ 8–10 ಡಿಗ್ರಿಗೆ ಇಳಿದರೂ ಬೆಳಿಗ್ಗೆ ಕಾರು ತಕರಾರಿಲ್ಲದೆ ಚಾಲೂ ಆಗುತ್ತದೆ. ಹಾಗಾಗಿ ಹಿಂಜೇವಾಡಿ, ಖರಾಡಿಗಳ ಕಚೇರಿಗಳಿಂದ ಕೆನಡಾದ ಎಡ್ಮಂಟನ್, ವಿನಿಪೆಗ್‌ಗಳಿಗೆ ಹೋಗುವ ನಮ್ಮ ಕನ್ನಡಿಗರಿಗೆ, ಅಲ್ಲಿನ ಕಾರುಗಳ ಮುಂಭಾಗದಲ್ಲಿ ಇಣುಕುವ ಮೂರು ಪಿನ್ನಿನ ಪ್ಲಗ್ ಏತಕ್ಕೆಂದು ಹೊಳೆಯುವುದಿಲ್ಲ. ಅದು ಬ್ಲಾಕ್ ಹೀಟರಿನದು. ಮೈನಸ್ 15ಕ್ಕಿಂತ ಕೆಳಗೆ ಆಯಿಲ್ ಮಂದವಾಗಿ ಎಂಜಿನ್ ತಿರುಗಲು ಹೆಚ್ಚು ಬಲ ಬೇಡುವ ಹೊತ್ತಿಗೇ ಬ್ಯಾಟರಿಯ ಶಕ್ತಿಯೂ ಕುಗ್ಗಿರುವುದರಿಂದ, ಎಂಜಿನ್ನಿನ ಮುಖ್ಯ ಲೋಹದ ಒಡಲಾದ ಬ್ಲಾಕಿನೊಳಗಿನ ಕೂಲೆಂಟನ್ನು (ಎಂಜಿನ್ ತಂಪಾಗಿಡುವ ದ್ರವವನ್ನು) ಮೊದಲೇ ಬೆಚ್ಚಗಾಗಿಸುವುದು ಈ ಹೀಟರಿನ ಕೆಲಸ.

ಇದನ್ನು ಇಡೀ ರಾತ್ರಿ ಉರಿಸಬೇಕಾಗಿಲ್ಲ. ಹೊರಡುವುದಕ್ಕೆ ಮೂರು ನಾಲ್ಕು ಗಂಟೆ ಮೊದಲು ಚಾಲೂ ಆಗುವಂತೆ, ಹೊರಾಂಗಣ ಬಳಕೆಗೆಂದೇ ತಯಾರಾದ ಟೈಮರ್ ಹಾಕಿದರೆ ಸಾಕು. ಆಮೇಲೆ ಎಷ್ಟು ಹೊತ್ತು ಬಿಟ್ಟರೂ ಎಂಜಿನ್ ಹೆಚ್ಚೇನೂ ಬಿಸಿಯಾಗದು. 400 ವಾಟ್‌ನ ಹೀಟರ್ ಮೂರು ಗಂಟೆಗೆ 1.2 ಯೂನಿಟ್ ವಿದ್ಯುತ್ ಬಳಸಿದರೆ ಹತ್ತು ಗಂಟೆಗೆ 4 ಯೂನಿಟ್ ಬಳಸುತ್ತದೆ.

ಹೀಟರ್ ಸುಸ್ಥಿತಿಯಲ್ಲಿದೆಯೇ ಎಂಬುದನ್ನು ಹಿಮ ಬೀಳುವ ಮೊದಲೇ ಪರೀಕ್ಷಿಸಿಕೊಳ್ಳಬೇಕು. ಪ್ಲಗ್ ಹಾಕಿ ಬಾನೆಟ್ ಬಳಿ ಕಿವಿಗೊಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಕೂಲೆಂಟ್ ಕಾಯುವ ಸಣ್ಣ ಸರಸರ ಸದ್ದು ಎಷ್ಟೋ ಕಾರುಗಳಲ್ಲಿ ಕೇಳಿಸುತ್ತದೆ. ವಿದ್ಯುತ್ ರೋಧ ಅಳೆಯುವ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು: ವಿದ್ಯುತ್ತಿನಿಂದ ಬಿಡಿಸಿದ ಪ್ಲಗ್ಗಿನ ಎರಡು ಚಪ್ಪಟೆ ಪಿನ್ನುಗಳ ನಡುವೆ, 120 ವೋಲ್ಟ್, 400 ವಾಟ್‌ನ ಹೀಟರಿಗೆ ಸುಮಾರು 36 ಓಮ್ ತೋರಿಸಬೇಕು, ಏನೂ ತೋರದಿದ್ದರೆ ಕಾಯಿಲ್ ಅಥವಾ ತಂತಿ ಕಡಿದಿದೆ ಎಂದೇ ಅರ್ಥ. ಕೂಲೆಂಟಿನ ಮಟ್ಟವನ್ನೂ ನೋಡಿಕೊಳ್ಳಿ, ಏಕೆಂದರೆ ಖಾಲಿ ಬಕೆಟ್‌ನಲ್ಲಿಟ್ಟ ವಾಟರ್ ಹೀಟರ್ ರಾಡ್‌ನಂತೆ ಇದೂ ಒಣಗಿದ್ದಾಗ ಸುಟ್ಟುಹೋಗುತ್ತದೆ.

ಇಲ್ಲಿಂದ ಹೀಟರನ್ನಾಗಲಿ ಎಕ್ಸ್‌ಟೆನ್ಷನ್ ತಂತಿಯನ್ನಾಗಲಿ ಒಯ್ಯಬೇಡಿ. ನಮ್ಮ 230 ವೋಲ್ಟ್‌ನ ಹೀಟರ್ ಅಲ್ಲಿನ 120 ವೋಲ್ಟ್‌ನಲ್ಲಿ ಕಾಲು ಭಾಗದಷ್ಟೇ ಕಾವು ಕೊಡುತ್ತದೆ; ತಂತಿಯ ಪಿನ್ನುಗಳಂತೂ ಹೊಂದುವುದೇ ಇಲ್ಲ. ಅಲ್ಲಿಯೇ ಅರ್ಥಿಂಗ್ ಪಿನ್ ಇರುವ, ಚಳಿಗೆ ಬಿರುಸಾಗದ, 14 ಗೇಜ್‌ನ ದಪ್ಪ ತಂತಿಯನ್ನು ಕೊಂಡು, ಜೋಡಣೆಯ ಜಾಗ ಹಿಮದಲ್ಲಿ ಹೂತುಹೋಗದಂತೆ ಮೇಲೆತ್ತಿ ಕಟ್ಟಿ. ತಂತಿಯ ಒಂದು ಸುತ್ತನ್ನು ಚಾಲಕನ ಬದಿಯ ಕನ್ನಡಿಗೆ ಹಾಕಿಟ್ಟರೆ, ಬಾಗಿಲು ತೆರೆಯುವಾಗ ಅದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಮೊದಲು ಗೋಡೆಯ ಕಡೆಯ ಪ್ಲಗ್ ಕಿತ್ತು, ಆಮೇಲೆ ಕಾರಿನ ಕಡೆಯದನ್ನು ಬಿಡಿಸಿ ಹೊರಡಿ.