ಸಣ್ಣ ಬಯೋಟೆಕ್ ಕಂಪನಿಯ ಷೇರು ಕೊಳ್ಳುವ ಮುನ್ನ ಅದರ ಆಡಳಿತವನ್ನು ಪರಿಶೀಲಿಸುವ ಬಗೆ

ಸಾಬೂನು ಮಾರುವ ಕಂಪನಿಯ ನಿರ್ದೇಶಕರು ಸುಳ್ಳು ಹೇಳಿದರೆ ಮಾರಾಟದ ಲೆಕ್ಕ ಒಂದಲ್ಲ ಒಂದು ದಿನ ಅದನ್ನು ಬಯಲು ಮಾಡುತ್ತದೆ. ಆದರೆ ಒಂದು ಮಾತ್ರೆಯನ್ನೂ ಮಾರದೆ ಇನ್ನೂ ಪ್ರಯೋಗದ ಹಂತದಲ್ಲೇ ಇರುವ ಸಣ್ಣ ಬಯೋಟೆಕ್ ಕಂಪನಿಯಲ್ಲಿ ಅಂಥ ಲೆಕ್ಕವೇ ಇರುವುದಿಲ್ಲವಾದ್ದರಿಂದ, ಷೇರುದಾರರು ನಂಬಬೇಕಾದದ್ದು ಬಹುಪಾಲು ಆಡಳಿತ ಮಂಡಳಿಯ ಮಾತನ್ನೇ.

ಅಮೆರಿಕದ ಸೈಟೋಡಿನ್ ಕಂಪನಿಯ ಪ್ರಕರಣವನ್ನು ನೋಡಿ. ಎಚ್‌ಐವಿ ಚಿಕಿತ್ಸೆಗಾಗಿ ರೂಪಿಸಿದ ಲೆರೊನ್‌ಲಿಮ್ಯಾಬ್ ಔಷಧಕ್ಕೆ ಅನುಮೋದನೆ ಕೋರಿ ಅರ್ಜಿ ಸಲ್ಲಿಸಿರುವುದಾಗಿ ಅದು 2020ರಲ್ಲಿ ಪ್ರಕಟಿಸಿತು. ಅರ್ಜಿ ಅಪೂರ್ಣವಾಗಿದೆಯೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಅದೇ ವರ್ಷ ಜುಲೈನಲ್ಲಿ ಅದನ್ನು ಪರಿಶೀಲನೆಗೇ ಎತ್ತಿಕೊಳ್ಳದೆ ಹಿಂದಿರುಗಿಸಿತು. ಆಗಿನ ಮುಖ್ಯ ಕಾರ್ಯನಿರ್ವಾಹಕರು ಈ ನಡುವೆ ತಮ್ಮ ಷೇರುಗಳನ್ನು ಮಾರಿದ್ದರು. 2024ರ ಡಿಸೆಂಬರ್‌ನಲ್ಲಿ ಅವರು ಹೂಡಿಕೆದಾರರ ವಂಚನೆ ಮತ್ತು ಒಳಮಾಹಿತಿ ಆಧಾರಿತ ವಹಿವಾಟಿನ ಆರೋಪಗಳಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ‘ಅರ್ಜಿ ಸಲ್ಲಿಸಿದ್ದೇವೆ’ ಎನ್ನುವುದೂ ‘ಅರ್ಜಿ ಸ್ವೀಕೃತವಾಗಿದೆ’ ಎನ್ನುವುದೂ ಒಂದೇ ಅಲ್ಲ.

ಭಾರತದ ಕಂಪನಿಯಾದರೆ ಮೊದಲು ಸಿಟಿಆರ್‌ಐ, ಅಂದರೆ ದೇಶದ ಔಷಧ ಪ್ರಯೋಗಗಳ ಸಾರ್ವಜನಿಕ ದಾಖಲೆಯ ತಾಣದಲ್ಲಿ, ನೋಂದಣಿ ಪುಟವನ್ನು ತೆರೆಯಿರಿ. 2009ರ ಜೂನ್ 15ರಿಂದ ಔಷಧ ಪ್ರಯೋಗಗಳನ್ನು ಅಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದ್ದು, ಎಷ್ಟು ರೋಗಿಗಳ ಮೇಲೆ, ಯಾವ ಆಸ್ಪತ್ರೆಗಳಲ್ಲಿ, ಯಾವ ಫಲಿತಾಂಶವನ್ನು ಅಳೆಯಲು ಪ್ರಯೋಗ ನಡೆಯುತ್ತಿದೆಯೆಂಬ ವಿವರ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಷೇರುಪೇಟೆಗೆ ಕಂಪನಿ ಕಳುಹಿಸಿದ ಪ್ರಕಟಣೆಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ. ಪ್ರಕಟಣೆಯಲ್ಲಿ ‘ಪ್ರಯೋಗ ಭರದಿಂದ ಸಾಗಿದೆ’ ಎಂದಿದ್ದು, ನೋಂದಣಿಯಲ್ಲಿ ಒಬ್ಬ ರೋಗಿಯೂ ಸೇರಿಲ್ಲವೆಂದಿದ್ದರೆ ಕಂಪನಿಗೆ ಪತ್ರ ಬರೆದು ಕಾರಣ ಕೇಳಿ.

ಎರಡನೆಯದಾಗಿ, ಹೊಸ ಷೇರು ಮತ್ತು ವಾರಂಟ್‌ಗಳ (ಮುಂದೆ ನಿಗದಿತ ಬೆಲೆಗೆ ಷೇರು ಪಡೆಯುವ ಹಕ್ಕುಪತ್ರಗಳ) ನಿರ್ಣಯಗಳನ್ನು ಓದಿ; ನನ್ನ ಎಣಿಕೆಯಲ್ಲಿ ಸಣ್ಣ ಷೇರುದಾರರು ಸದ್ದಿಲ್ಲದೆ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಒಂದು ಕೋಟಿ ಷೇರುಗಳ ಕಂಪನಿಯಲ್ಲಿ ನಿಮ್ಮವು 10,000 ಇದ್ದರೆ ನಿಮ್ಮ ಪಾಲು ಶೇ 0.1, ಪ್ರವರ್ತಕರಿಗೆ (ಕಂಪನಿಯನ್ನು ಕಟ್ಟಿ ನಿಯಂತ್ರಿಸುವವರಿಗೆ) ಕೊಟ್ಟ 50 ಲಕ್ಷ ವಾರಂಟ್‌ಗಳು ಷೇರುಗಳಾದರೆ ಅದು ಸುಮಾರು ಶೇ 0.067ಕ್ಕೆ ಇಳಿಯುತ್ತದೆ. ಸಂಶೋಧನೆಗೆ ಹಣ ಬೇಕಾಗಿರುವಾಗ ಪಾಲು ಕುಗ್ಗುವುದೊಂದೇ ಅನ್ಯಾಯವಲ್ಲ. ಗಮನಿಸಬೇಕಾದದ್ದು ಬೆಲೆ ಮತ್ತು ಸಮಯವನ್ನು. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ವಾರಂಟ್ ಪಡೆದವರು ಮೊದಲಿಗೆ ಶೇ 25ರಷ್ಟು ಹಣ ಕಟ್ಟಿದರೆ ಸಾಕು, ಉಳಿದದ್ದಕ್ಕೆ 18 ತಿಂಗಳ ಅವಕಾಶವಿದೆ. ಆ ಅವಧಿಯೊಳಗೇ ಪ್ರಯೋಗದ ಫಲಿತಾಂಶ ಬರುವಂತಿದ್ದರೆ, ಗೆದ್ದಾಗ ಹಳೆಯ ಬೆಲೆಗೇ ಷೇರು, ಸೋತಾಗ ಕಾಲುಭಾಗದ ನಷ್ಟ ಮಾತ್ರ ಎಂಬ ಅನುಕೂಲ ಅವರಿಗೆ ಒದಗುತ್ತದೆ; ನೀವಾದರೋ ಪೂರ್ತಿ ಹಣ ಕೊಟ್ಟಾಗಿರುತ್ತದೆ.

ಅನಂತರ ವಾರ್ಷಿಕ ವರದಿಯ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿರುವ ಸಂಬಂಧಿತ ಪಕ್ಷಗಳ (ಪ್ರವರ್ತಕರು, ನಿರ್ದೇಶಕರು, ಅವರ ಬಂಧುಗಳು ಮತ್ತು ಅವರ ಸಂಸ್ಥೆಗಳ) ಜೊತೆಗಿನ ವ್ಯವಹಾರದ ಟಿಪ್ಪಣಿಗೆ ಹೋಗಿ. ಪ್ರಯೋಗಾಲಯದ ಬಾಡಿಗೆ, ಸಲಹಾ ಶುಲ್ಕ, ಪೇಟೆಂಟ್ ರಾಯಧನ ಇವು ಪ್ರವರ್ತಕರ ಕುಟುಂಬದ ಸಂಸ್ಥೆಗೆ ಸಂದಾಯವಾಗುತ್ತಿವೆಯೇ ನೋಡಿ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಔಷಧದ ಪೇಟೆಂಟ್ ಯಾರ ಹೆಸರಿನಲ್ಲಿದೆ ಎಂಬುದನ್ನೂ ಹುಡುಕಿ. ಅದು ವ್ಯವಸ್ಥಾಪಕ ನಿರ್ದೇಶಕರ ಸ್ವಂತ ಹೆಸರಿನಲ್ಲಿದ್ದರೆ, ನೀವು ಕೊಂಡದ್ದು ಮನೆಯಲ್ಲ, ಬಾಡಿಗೆ ಕರಾರು.

ಲೆಕ್ಕಪರಿಶೋಧಕರು ಅವಧಿಗೆ ಮುನ್ನ ರಾಜೀನಾಮೆ ಕೊಟ್ಟಿದ್ದರೆ ಅವರ ಪತ್ರವನ್ನು ತಪ್ಪದೆ ಓದಿ. ಪಾವತಿಯಾದ ಬಂಡವಾಳ 10 ಕೋಟಿ ರೂಪಾಯಿಯನ್ನೂ ನಿವ್ವಳ ಮೌಲ್ಯ 25 ಕೋಟಿಯನ್ನೂ ಮೀರದ ಕಂಪನಿಗಳಿಗೆ ಸೆಬಿಯ ಆಡಳಿತ ನಿಯಮಗಳಲ್ಲಿ ಅನೇಕದರಿಂದ ವಿನಾಯಿತಿ ಇದೆ ಎಂಬುದನ್ನೂ ನೆನಪಿಡಿ. ಸಣ್ಣ ಬಯೋಟೆಕ್ ಕಂಪನಿಗಳೂ ಈ ಮಿತಿಯೊಳಗೆ ಬರಬಹುದು.

ಷೇರು ಈಗಾಗಲೇ ನಿಮ್ಮಲ್ಲಿದ್ದರೆ ಇ-ಮತದಾನವನ್ನು ಬಿಡಬೇಡಿ. ಸಂಬಂಧಿತ ಪಕ್ಷಗಳ ಮಹತ್ವದ ವ್ಯವಹಾರ ಷೇರುದಾರರ ಮುಂದೆ ಬಂದಾಗ ಅದನ್ನು ಅನುಮೋದಿಸಲು ಆ ಪಕ್ಷಗಳವರು ಮತ ಹಾಕುವಂತಿಲ್ಲವಾದ್ದರಿಂದ, ಉಳಿದವರ ಅಲ್ಪ ಮತಗಳಿಗೂ ನಿರ್ಣಯವನ್ನು ತಡೆಯುವ ಬಲ ಬರುತ್ತದೆ. ಕೇಳಿದ ಪ್ರಶ್ನೆಗೆ ಕಂಪನಿ ಉತ್ತರಿಸದಿದ್ದರೆ ಪತ್ರದ ಪ್ರತಿಯೊಂದಿಗೆ ಹೂಡಿಕೆದಾರರ ದೂರುಗಳಿಗಾಗಿ ಇರುವ ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ದಾಖಲಿಸಿ.