ಮನೆಯಲ್ಲೇ ಸಿಎನ್‌ಸಿ ಕಟ್ಟೋಣ: ಮೋಟಾರು ಆಮೇಲೆ, ಚೌಕಟ್ಟು ಮೊದಲು

ಮನೆಯಲ್ಲಿ ಸಿಎನ್‌ಸಿ ಮೆಷಿನ್, ಅಂದರೆ ಕಂಪ್ಯೂಟರ್ ಹೇಳಿದ ದಾರಿಯಲ್ಲಿ ತಾನೇ ಕೊರೆಯುವ ಮೆಷಿನ್, ಮಾಡಬೇಕು ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಮೋಟಾರು, ಆರ್ಡುಯಿನೋ (ಚಿಕ್ಕ ಕಂಟ್ರೋಲರ್ ಬೋರ್ಡು), ಡ್ರೈವರ್ (ಮೋಟಾರಿಗೆ ಕರೆಂಟ್ ಕೊಟ್ಟು ಓಡಿಸುವ ಬೋರ್ಡು) ಕೊಳ್ಳುತ್ತಾರೆ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದರೆ ಒಂದೇ ಮಧ್ಯಾಹ್ನದಲ್ಲಿ ಎಲ್ಲ ಸಿಗುತ್ತೆ, ಆಸೆಯೂ ಆಗುತ್ತೆ. ಆದರೆ ಎಲೆಕ್ಟ್ರಾನಿಕ್ಸ್ ಈ ಕೆಲಸದಲ್ಲಿ ಸುಲಭದ ಭಾಗ. ಕಷ್ಟ ಇರೋದು ಬಿಗಿಯಾಗಿ ನಿಲ್ಲುವ, ಮೂಲೆ ಸರಿಯಾಗಿರುವ ಒಂದು ಚೌಕಟ್ಟು ಕಟ್ಟುವುದರಲ್ಲಿ. ದುಡ್ಡೂ ಅಲ್ಲೇ ಹಾಕಬೇಕು.

ಇಲ್ಲಿ ಹೇಳುವುದು ಪ್ಲೈವುಡ್, ಎಂಡಿಎಫ್, ಅಕ್ರಿಲಿಕ್, ಮೆತ್ತನೆ ಮರ ಕೊರೆಯುವ ಮೆಷಿನ್ ಬಗ್ಗೆ. ಕೆಲಸದ ಜಾಗ 300 × 400 ಎಂಎಂ. ಕಬ್ಬಿಣ ಕತ್ತರಿಸುವ ಯೋಚನೆ ಈಗಲೇ ಬಿಡಿ. 4 ಅಡಿ × 8 ಅಡಿ ಹಲಗೆ ಪೂರ್ತಿ ಕೂರಬೇಕು ಅನ್ನೋ ಆಸೆಯೂ ಬೇಡ, ಯಾಕೆಂದರೆ ಉದ್ದ ಎರಡರಷ್ಟಾದರೆ ಅದೇ ದಪ್ಪದ ಕಂಬಿ ಅದೇ ಭಾರಕ್ಕೆ ಎಂಟರಷ್ಟು ಬಾಗುತ್ತದೆ.

ಚೌಕಟ್ಟು

ಎರಡು ಬಗೆ ಇವೆ. ಒಂದರಲ್ಲಿ ಮೇಲಿನ ಕಮಾನು ಓಡಾಡುತ್ತೆ, ಇನ್ನೊಂದರಲ್ಲಿ ಕಮಾನು ನಿಂತಿರುತ್ತೆ, ಕೆಳಗಿನ ಮೇಜು ಹಿಂದೆ ಮುಂದೆ ಹೋಗುತ್ತೆ. ಚಿಕ್ಕ ಮೆಷಿನ್‌ಗೆ ಎರಡನೆಯದೇ ಸರಿ. ಜಾಗ ಜಾಸ್ತಿ ಬೇಕು, ನಿಜ, ಆದರೆ ಕಮಾನನ್ನು ಎಷ್ಟು ಬೇಕಾದರೂ ಭಾರ ಮಾಡಬಹುದು. ಅದು ಓಡಬೇಕಾಗಿಲ್ಲವಲ್ಲ.

40 × 80 ಅಲ್ಯೂಮಿನಿಯಂ ಪ್ರೊಫೈಲ್ ಸಿಕ್ಕರೆ ಬಹಳ ಒಳ್ಳೇದು. ಬಜೆಟ್ ಸಾಲದಿದ್ದರೆ 18 ಎಂಎಂ ಪ್ಲೈ ಎರಡನ್ನು ಫೆವಿಕಾಲ್ ಹಚ್ಚಿ, ಕ್ಲ್ಯಾಂಪ್ ಹಾಕಿ, ಒಂದೇ ಹಲಗೆ ಮಾಡಿಕೊಳ್ಳಿ. ಸುಮ್ನೆ ಸ್ಕ್ರೂ ಹೊಡೆದು ಜೋಡಿಸಿದರೆ ಎರಡು ಹಲಗೆಯ ಬಲ ಬರುತ್ತೆ ಅಷ್ಟೇ. ಪೂರ್ತಿ ಅಂಟಿ ಒಂದೇ ಆದರೆ ಒಂಟಿ ಹಲಗೆಯ ಎಂಟರಷ್ಟು ಬಿಗಿ ಬರುತ್ತೆ. ಕಬ್ಬಿಣದ ಪೈಪು ವೆಲ್ಡ್ ಮಾಡಿಸುತ್ತೀನಿ ಅನ್ನುವವರು ಒಂದು ನೆನಪಿಡಿ. ವೆಲ್ಡಿಂಗ್ ಬಿಸಿಗೆ ಪೈಪು ಸೊಟ್ಟಗಾಗುತ್ತೆ, ಆಮೇಲೆ ರೈಲು (ಓಡುವ ಭಾಗಗಳು ಜಾರುವ ಕಂಬಿ) ಕೂರುವ ಜಾಗವನ್ನು ಮಿಲ್ಲಿಂಗ್ ಮಾಡಿಸಿ ಸಮ ಮಾಡಿಸಬೇಕು.

ರೈಲಿನ ವಿಷಯದಲ್ಲಿ ಎರಡು ತುದಿಗೆ ಮಾತ್ರ ಆಧಾರ ಇರುವ 8 ಎಂಎಂ ದುಂಡು ರಾಡ್ ಬೇಡವೇ ಬೇಡ. ರಾಡಿನ ದಪ್ಪ 8ರಿಂದ 16ಕ್ಕೆ ಏರಿದರೆ ಬಿಗಿ 16 ಪಟ್ಟು ಆಗುತ್ತೆ. ಅಡಿಯಲ್ಲಿ ಪೂರ್ತಿ ಆಧಾರ ಇರುವ ಎಸ್‌ಬಿಆರ್16, ಇಲ್ಲವೇ ಚೌಕ ರೈಲು ಎಚ್‌ಜಿಆರ್15 ತಗೊಳ್ಳಿ. ಮೊದಲು ಒಂದು ರೈಲನ್ನು ಪೂರ್ತಿ ಬಿಗಿ ಮಾಡಿ. ಎರಡನೆಯದನ್ನು ಸಡಿಲ ಬಿಟ್ಟು, ಮೇಜನ್ನು ಕೈಯಿಂದ ಈ ತುದಿಯಿಂದ ಆ ತುದಿಗೆ ತಳ್ಳುತ್ತಾ, ಎಲ್ಲೂ ಹಿಡಿಯದ ಹಾಗೆ ನೋಡಿಕೊಂಡು, ಒಂದೊಂದೇ ಬೋಲ್ಟ್ ಬಿಗಿ ಮಾಡುತ್ತಾ ಹೋಗಿ. ಇದಕ್ಕೆ ಅರ್ಧ ದಿನ ಹೋದರೂ ಹೋಗಲಿ.

ಸ್ಕ್ರೂ ಮತ್ತು ಮೋಟಾರು

ಎಕ್ಸ್ (ಎಡ-ಬಲ) ಮತ್ತು ವೈ (ಹಿಂದೆ-ಮುಂದೆ) ಓಟಕ್ಕೆ 1605 ಬಾಲ್ ಸ್ಕ್ರೂ, ಅಂದರೆ ನಟ್ಟಿನೊಳಗೆ ಗುಂಡುಗಳು ಉರುಳುವ ಸ್ಕ್ರೂ, ಹಾಕಿ. 16 ಎಂಎಂ ದಪ್ಪ, ಒಂದು ಸುತ್ತಿಗೆ 5 ಎಂಎಂ ಓಟ. ಮೇಲೆ-ಕೆಳಗೆ ಹೋಗುವ ಝಡ್‌ಗೆ ಮಾತ್ರ ಸುತ್ತಿಗೆ 2 ಎಂಎಂ ಹೋಗುವ ಟಿಆರ್8 ಸ್ಕ್ರೂ ಸಾಕು. ಅದು ಭಾರಕ್ಕೆ ತಾನಾಗಿ ತಿರುಗುವುದಿಲ್ಲ, ಹಾಗಾಗಿ ಕರೆಂಟ್ ಹೋದಾಗ ಕಟ್ಟರ್ ಕೆಳಗೆ ಇಳಿದು ಮರಕ್ಕೆ ಚುಚ್ಚಿಕೊಳ್ಳಲ್ಲ. ನಮ್ಮಲ್ಲಿ ಕರೆಂಟ್ ಹೋಗೋದು ಇದ್ದಿದ್ದೇ ಅಲ್ವಾ?

ಕೊರೆಯುವುದಕ್ಕೆ ಬಡಗಿಗಳು ಲ್ಯಾಮಿನೇಟ್ ಅಂಚು ಸವರುವ ಟ್ರಿಮ್ಮರ್ ಸಾಕು, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತೆ. ಅದನ್ನು ಹೊತ್ತು ಓಡಾಡಲು ನೆಮಾ 23 ಅಳತೆಯ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರು) ಮೂರು, ಟಿಬಿ6600 ಡ್ರೈವರ್ ಮೂರು, 24 ವೋಲ್ಟ್‌ನ ಒಂದು ಪವರ್ ಸಪ್ಲೈ. ಒಂದು ಎಚ್ಚರಿಕೆ: ಪವರ್ ಇರುವಾಗ ಮೋಟಾರಿನ ವೈರ್ ಕೀಳಬೇಡಿ, ಡ್ರೈವರ್ ಸುಟ್ಟುಹೋಗುತ್ತೆ.

ಮೆದುಳು

ಆರ್ಡುಯಿನೋ ಊನೋದಲ್ಲಿ ಜಿಆರ್‌ಬಿಎಲ್ ಅನ್ನೋ ತಂತ್ರಾಂಶ ಹಾಕಿ. ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ. ಸ್ಟೆಪ್ ಸಿಗ್ನಲ್ ಎಕ್ಸ್, ವೈ, ಝಡ್‌ಗೆ ಕ್ರಮವಾಗಿ 2, 3, 4ನೇ ಪಿನ್‌ನಲ್ಲಿ ಬರುತ್ತೆ, ದಿಕ್ಕು 5, 6, 7ರಲ್ಲಿ. ಆರ್ಡುಯಿನೋ ಮೇಲೆ ಕೂರಿಸುವ ಸಿಎನ್‌ಸಿ ಶೀಲ್ಡ್ ವಿ3 ಬೋರ್ಡು ಬಳಸುವವರು ಒಂದು ಕಡೆ ಎಡವುತ್ತಾರೆ. ಜಿಆರ್‌ಬಿಎಲ್ 0.9ರಿಂದ ಈಚೆಗೆ ಝಡ್ ಲಿಮಿಟ್ ಸ್ವಿಚ್ (ಓಟದ ತುದಿ ತಲುಪಿದ್ದನ್ನು ತಿಳಿಸುವ ಸ್ವಿಚ್) 12ನೇ ಪಿನ್‌ಗೆ ಹೋಗಿದೆ, ಹಳೇ ಶೀಲ್ಡ್ ಮೇಲೆ ಮಾತ್ರ ಇನ್ನೂ 11 ಅಂದುಕೊಂಡೇ ಹೆಸರು ಅಚ್ಚಾಗಿದೆ. ಸ್ವಿಚ್ ಒತ್ತಿದರೂ ಝಡ್ ನಿಲ್ಲದಿದ್ದರೆ ಮೊದಲು ಇದನ್ನೇ ನೋಡಿ.

ಈಗ ಲೆಕ್ಕ. ಸ್ಟೆಪ್ಪರ್ ಒಂದು ಹೆಜ್ಜೆಗೆ 1.8 ಡಿಗ್ರಿ ತಿರುಗುತ್ತೆ, ಅಂದರೆ ಸುತ್ತಿಗೆ 200 ಹೆಜ್ಜೆ. ಡ್ರೈವರ್‌ನಲ್ಲಿ 8 ಮೈಕ್ರೋಸ್ಟೆಪ್ ಇಟ್ಟರೆ, ಅಂದರೆ ಒಂದು ಹೆಜ್ಜೆಯನ್ನು 8 ಭಾಗ ಮಾಡಿದರೆ, 1600. ಅದನ್ನು 5ರಿಂದ ಭಾಗಿಸಿದರೆ 320, ಇದು ಒಂದು ಎಂಎಂಗೆ ಎಷ್ಟು ಹೆಜ್ಜೆ ಅಂತ ಜಿಆರ್‌ಬಿಎಲ್‌ಗೆ ಹೇಳುವ $100 (ಎಕ್ಸ್) ಮತ್ತು $101 (ವೈ) ಸೆಟ್ಟಿಂಗ್‌ಗೆ. ಝಡ್‌ಗೆ 1600ನ್ನು 2ರಿಂದ ಭಾಗಿಸಿ, 800 ಬರುತ್ತೆ, $102ಕ್ಕೆ ಅದನ್ನು ಕೊಡಿ. 100 ಎಂಎಂ ಓಡಿಸಿ ಅಳೆದಾಗ 50 ಅಥವಾ 200 ಬಂದರೆ ಮೈಕ್ರೋಸ್ಟೆಪ್ ಸ್ವಿಚ್ ತಪ್ಪಿದೆ. ಒಮ್ಮೆ 99.6, ಇನ್ನೊಮ್ಮೆ 100.1 ಅಂತ ಬದಲಾಗುತ್ತಾ ಇದ್ದರೆ ಸಂಖ್ಯೆ ತಿದ್ದಬೇಡಿ, ಎಲ್ಲೋ ನಟ್ಟು ಅಥವಾ ಕಪ್ಲಿಂಗ್ (ಮೋಟಾರನ್ನು ಸ್ಕ್ರೂಗೆ ಸೇರಿಸುವ ಕೊಂಡಿ) ಅಲುಗಾಡುತ್ತಿದೆ.

ಲಿಮಿಟ್ ಸ್ವಿಚ್‌ಗಳನ್ನು ಒತ್ತದಿರುವಾಗ ಸರ್ಕ್ಯೂಟ್ ಮುಚ್ಚಿರುವ (ಎನ್‌ಸಿ) ರೀತಿಯಲ್ಲಿ ಜೋಡಿಸಿ, $5=1 ಮತ್ತು $21=1 ಮಾಡಿ. ವೈರ್ ಕಿತ್ತುಹೋದರೆ ಮೆಷಿನ್ ತಾನೇ ನಿಲ್ಲುತ್ತೆ. ಕೆಂಪು ಎಮರ್ಜೆನ್ಸಿ ಬಟನ್ ಟ್ರಿಮ್ಮರ್‌ನ ಕರೆಂಟನ್ನೂ ಕಡಿಯಬೇಕು, ಬರೀ ಮೋಟಾರುಗಳದ್ದಲ್ಲ. 230 ವೋಲ್ಟ್ ಕೆಲಸ ಬರದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ, ಚೌಕಟ್ಟು ಲೋಹದ್ದಾದರೆ ಅದಕ್ಕೂ ಅರ್ಥಿಂಗ್ ಕೊಡಿಸಿ.

ಮೊದಲು ಪೆನ್ನು, ಆಮೇಲೆ ಕಟ್ಟರ್

ಟ್ರಿಮ್ಮರ್ ಜಾಗದಲ್ಲಿ ಒಂದು ಪೆನ್ನು ಕಟ್ಟಿ 300 × 400ರ ಆಯತ ಬರೆಸಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ 500 ಎಂಎಂ ಬರಬೇಕು. ಗಾರೆ ಕೆಲಸದವರು ಪಾಯ ಹಾಕುವಾಗ ಹಿಡಿಯುವ 3-4-5 ಲೆಕ್ಕವೇ ಇದು. ಒಂದು 501, ಇನ್ನೊಂದು 499 ಬಂದರೆ ಕಮಾನಿನ ಬೋಲ್ಟ್ ಸಡಿಲಿಸಿ, ಸ್ವಲ್ಪ ತಿರುಗಿಸಿ, ಮತ್ತೆ ಬರೆಸಿ.

ಆಮೇಲೆ ಟ್ರಿಮ್ಮರ್ ನೆಟ್ಟಗಿದೆಯಾ ನೋಡಬೇಕು. ಪ್ಲಗ್ ಕಿತ್ತಿಟ್ಟು, ಎಲ್ ಆಕಾರಕ್ಕೆ ಬಗ್ಗಿಸಿದ ದಪ್ಪ ತಂತಿಯನ್ನು ಕಟ್ಟರ್ ಜಾಗದಲ್ಲಿ ಸಿಕ್ಕಿಸಿ ಕೈಯಿಂದ ತಿರುಗಿಸಿ. ತಂತಿಯ ತುದಿ ನಾಲ್ಕೂ ಕಡೆ ಮೇಜಿಗೆ ಒಂದೇ ಥರ ಸವರಬೇಕು. ನಂತರ ಮೇಜಿನ ಮೇಲೆ ಒಂದು ಎಂಡಿಎಫ್ ಹಲಗೆ ಬಿಗಿದು, ಮೆಷಿನ್‌ನಿಂದಲೇ ಅದರ ಮೈ ಅರ್ಧ ಎಂಎಂ ಸವರಿಸಿ. ಅದರ ಮೈ ಈಗ ಮೆಷಿನ್‌ನ ಓಟಕ್ಕೆ ಸರಿಸಮ. ಕೈ ಆಡಿಸಿದಾಗ ಮೆಟ್ಟಿಲು ಮೆಟ್ಟಿಲು ತಾಗಿದರೆ ಟ್ರಿಮ್ಮರ್ ಇನ್ನೂ ವಾಲಿದೆ ಅಂತ ಲೆಕ್ಕ. ಎಂಡಿಎಫ್ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಮತ್ತು ಕನ್ನಡಕ ಬೇಕೇ ಬೇಕು. ತುಂಬುತೋಳಿನ ಸಡಿಲ ಅಂಗಿ ಬೇಡ.

ಚಿತ್ರ ಬರೆಯಲು, ಕಟ್ಟರ್ ದಾರಿ ಮಾಡಲು ಫ್ರೀಕ್ಯಾಡ್ ಸಾಕು, ಕಳಿಸಲು ಯೂನಿವರ್ಸಲ್ ಜಿಕೋಡ್ ಸೆಂಡರ್. ಎರಡೂ ಉಚಿತ. ಪ್ಲೈನಲ್ಲಿ ಮೊದಲ ಸಲ ಕಟ್ಟರ್‌ನ ಒಂದು ಓಟಕ್ಕೆ 1 ಎಂಎಂ ಆಳ ಸಾಕು. ಟ್ರಿಮ್ಮರ್ ನಿಮಿಷಕ್ಕೆ ಸುಮಾರು 30,000 ಸುತ್ತು ತಿರುಗುತ್ತೆ, ಆದ್ದರಿಂದ ನಿಧಾನ ಹೋದರೆ ಕಟ್ಟರ್ ಮರವನ್ನು ಕತ್ತರಿಸದೆ ಉಜ್ಜುತ್ತಾ ಕೂರುತ್ತೆ. ನಿಮಿಷಕ್ಕೆ 1200 ಎಂಎಂನಿಂದ ಶುರು ಮಾಡಿ. ಸುಟ್ಟ ವಾಸನೆ ಬಂದರೆ ಎಲ್ಲರೂ ಹೆದರಿ ವೇಗ ಇಳಿಸುತ್ತಾರೆ. ನೀವು ಏರಿಸಿ, 1800ರವರೆಗೆ ಹೋಗಬಹುದು. ಹಿಟ್ಟಿನಂಥ ಪುಡಿಯ ಬದಲು ಕೈಗೆ ಸಿಗುವಂಥ ಚಕ್ಕೆ ಬೀಳಲು ಶುರುವಾದರೆ ವೇಗ ಸರಿಯಾಯಿತು, ಆ ಸಂಖ್ಯೆಯನ್ನು ಕಟ್ಟರ್ ಡಬ್ಬಿಯ ಮೇಲೆ ಬರೆದಿಡಿ.